ಹೊಳೆಗೊಂದು ದನಿ

ಎಣಿಕೆ ಮತ್ತೆ ಏರಿತ್ತು. ಸೋಮವಾರ ಹತ್ತು ಆಟ, ಮಂಗಳವಾರ ಹದಿನಾಲ್ಕು. ಇಂದು ಬೆಳಿಗ್ಗೆ ದುರ್ಗಾ ಶೆಡ್ಡಿನ ಬೀಗ ತೆಗೆದು ಪಿನ್‌ಬಾಲ್ ಯಂತ್ರದ ಪರದೆ ನೋಡಿದಳು. ನಿನ್ನೆ ಒಂದೇ ದಿನ ಇಪ್ಪತ್ತಾರು. ಅಷ್ಟೂ ಆಟಗಳಲ್ಲಿ ಗಳಿಸಿದ ಅಂಕ ಸೊನ್ನೆ.

ಶೆಡ್ಡಿಗೆ ಇದ್ದದ್ದು ಎರಡೇ ಕೀಲಿ. ಒಂದು ಅವಳ ಕೈಯಲ್ಲಿತ್ತು. ಇನ್ನೊಂದನ್ನು ಜೇಬಿನಲ್ಲಿಟ್ಟುಕೊಂಡೇ ಅವಳ ಗಂಡ ತಿಮ್ಮೇಶ್ ಏಳು ತಿಂಗಳ ಹಿಂದೆ ತುಂಗಭದ್ರೆಯಲ್ಲಿ ಮುಳುಗಿದ್ದ.

ಯಂತ್ರ ಅವನೇ ಮಾಡಿದ್ದು. ಮಂಚದಷ್ಟು ಉದ್ದದ ಪೆಟ್ಟಿಗೆ, ಮೇಲೆ ಗಾಜು, ಗಾಜಿನಡಿ ಇಡೀ ಹರಿಹರ. ಸ್ಪ್ರಿಂಗಿನ ಹಿಡಿ ಎಳೆದು ಬಿಟ್ಟರೆ ಉಕ್ಕಿನ ಗೋಲಿ ಮೇಲಕ್ಕೆ ಚಿಮ್ಮಿ ಇಳಿಜಾರಿನಲ್ಲಿ ಉರುಳುತ್ತ ಬರುತ್ತಿತ್ತು. ಕೆಳತುದಿಯಲ್ಲಿ ಹರಿಗೋಲಿನ ಹುಟ್ಟಿನಂಥ ಎರಡು ಪುಟ್ಟ ಹಲಗೆ. ಪಕ್ಕದ ಗುಂಡಿ ಒತ್ತಿ, ಆ ಹುಟ್ಟುಗಳಿಂದ ಗೋಲಿಯನ್ನು ಮೇಲಕ್ಕೆ ಹೊಡೆದರೆ ಮಾತ್ರ ಅಂಕ. ಗುಡಿಗೆ ತಾಗಿದರೆ ಗಂಟೆ, ಸ್ಟೇಷನ್ನಿಗೆ ತಾಗಿದರೆ ರೈಲಿನ ಕೂಗು, ಸೇತುವೆ ಹತ್ತಿದರೆ ಲಾರಿಯ ಹಾರನ್. ಹೊಡೆಯದೆ ಬಿಟ್ಟರೆ ಗೋಲಿ ಹುಟ್ಟುಗಳ ನಡುವಿನ ನೀಲಿ ಸಂದಿಗೆ ಬೀಳುತ್ತಿತ್ತು. ಅದೇ ಹೊಳೆ.

ಶಬ್ದಗಳನ್ನೆಲ್ಲ ಅವನು ಊರು ಸುತ್ತಿ ಮೊಬೈಲಿನಲ್ಲಿ ಹಿಡಿದು ತಂದಿದ್ದ. ಹೊಳೆಯದೊಂದೇ ಬಾಕಿ. "ಅದಕ್ಕೆ ತಕ್ಕ ದನಿ ಇನ್ನೂ ಸಿಕ್ಕಿಲ್ಲ ಕಣೇ. ಸಿಗೋ ತನಕ ಏನೋ ಒಂದು ಹಾಕಿದೀನಿ," ಎಂದು ನಕ್ಕಿದ್ದ. ಅದನ್ನು ಹುಡುಕಿಕೊಂಡು ಹೋದವನೇ ಪಾಚಿಗಟ್ಟಿದ ಕಲ್ಲಿನ ಮೇಲಿಂದ ಜಾರಿದ.

ಆ ಬೆಳಿಗ್ಗೆ ಅವನಿಗೂ ತಾಯಿ ಕಮಲಕ್ಕನಿಗೂ ಜಗಳವಾಗಿತ್ತು. ಫ್ಯಾಕ್ಟರಿ ಕೆಲಸ ಬಿಟ್ಟು ಆಟದ ಸಾಮಾನು ಮಾಡುತ್ತ ಕೂತಿದ್ದಾನೆಂದು ಅವರು ಬೈದರು. ತಿಮ್ಮೇಶ್ ಒಂದು ಮಾತೂ ಆಡದೆ ಎದ್ದು ಹೋಗಿದ್ದ. ಅಂದಿನಿಂದ ಕಮಲಕ್ಕ ಶೆಡ್ಡಿನತ್ತ ತಿರುಗಿ ನೋಡಿದ್ದನ್ನು ಯಾರೂ ಕಂಡಿಲ್ಲ.

ಬೀಗ ಹಾಕಿ ಬರುವಾಗ ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ಸುಗ್ರಾಬಿ ಕರೆದರು.

"ದುರ್ಗಾ, ಹೆದರಬ್ಯಾಡ. ನಿನ್ನೆ ಮಧ್ಯಾಹ್ನ ನಿಮ್ಮ ಶೆಡ್ಡಿನಾಗೆ ತಿಮ್ಮೇಶ್ ಮಾತಾಡ್ದಂಗಾತು."

"ಯಾರದೋ ಟೀವಿ ಇರ್ಬೇಕು ಬಿಡ್ರಿ ಚಾಚಿ."

"ಏಯ್, ನನ್ನ ಕಿವಿ ಇನ್ನೂ ಗಟ್ಟಿ ಐತೆ. ಎತ್ತಿ ಆಡಿಸಿದ ಹುಡುಗನ ದನಿ ಗೊತ್ತಾಗಲ್ಲೇನು? ಏನಂದ ಅಂತ ತಿಳೀಲಿಲ್ಲ, ಅಷ್ಟೇ."

ದುರ್ಗಾ ತಿರುಗಿ ಶೆಡ್ಡಿನ ಬೀಗ ನೋಡಿದಳು. ಸತ್ತವರ ಬೆರಳಿಗೆ ಗುಂಡಿ ಒತ್ತುವ ಕಸುವು ಇರುವುದಿಲ್ಲವೇನೋ. ಅದಕ್ಕೇ ಸೊನ್ನೆ.

ಸದ್ಯ, ಇದು ಇವತ್ತಿಗೆ ಮುಗಿಯುತ್ತದೆ. ದಾವಣಗೆರೆಯಲ್ಲಿ ಆಟದ ಅಂಗಡಿ ಇಟ್ಟಿರುವ ರಾಮಚಂದ್ರಪ್ಪ, ಕೊಂಡ ಯಂತ್ರ ಒಯ್ಯಲು ಮೂರು ಗಂಟೆಗೆ ಟೆಂಪೋ ಕಳಿಸುವವರಿದ್ದರು. ಯಂತ್ರ ಎಷ್ಟು ಆಟ ಓಡಿದೆ ಎಂದು ಅವರು ಕೇಳಿದ್ದರಿಂದಲೇ ಅವಳು ಎಣಿಕೆ ನೋಡತೊಡಗಿದ್ದು. "ಪೆಟ್ಟಿಗೆ ಚಲೋ ಐತೆ ಕಣಮ್ಮ. ಆದ್ರೆ ಈ ಗಂಟೆ, ರೈಲು ಯಾರಿಗ್ ಬೇಕು? ಎಲ್ಲಾ ಅಳಿಸಿ ಡಿಸ್ಕೋ ಹಾಕಿಸ್ತೀನಿ," ಎಂದಿದ್ದರು. ಅಳಿಸಲಿ. ಅದು ಹೋದರೆ ಈ ಮನೆಯಲ್ಲಿ ಮತ್ತೆ ಉಸಿರಾಡಬಹುದು.

ಚಪ್ಪಲಿ ಮೆಟ್ಟುತ್ತ, "ಅತ್ತೆ, ಹೋಗ್ತೀನ್ರಿ," ಎಂದಳು.

ಅಕ್ಕಿ ಆರಿಸುತ್ತಿದ್ದ ಕಮಲಕ್ಕನ ಕೈ ನಿಂತಿತು. "ಹಂಗ್ ಅನ್ನಬ್ಯಾಡ ಅಂತ ಎಷ್ಟ್ ಸಲ ಹೇಳ್ಲಿ? ಹೋಗ್ ಬರ್ತೀನಿ ಅನ್ನು."

"ಹೋಗ್ ಬರ್ತೀನ್ರಿ."

"ಹ್ಞೂಂ, ಬಾರವ್ವ." ತುಸು ತಡೆದು ಕೇಳಿದರು, "ಆ ಗಾಡಿ ಎಷ್ಟೊತ್ತಿಗೆ ಬರ್ತೈತೆ?"

"ಮೂರಕ್ಕೆ. ಅಷ್ಟೊತ್ತಿಗೆ ಬಂದ್ಬಿಡ್ತೀನಿ. ಪೀಡೆ ಕಳೀತು ಅನ್ಕೊಳ್ರಿ."

ಕಮಲಕ್ಕ ಮತ್ತೆ ಅಕ್ಕಿಯ ಕಡೆ ಬಾಗಿದರು.

ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ದುರ್ಗಾಳಿಗೆ ಯಾವ ಸೀರೆಯ ಮಡಿಕೆಯೂ ಸರಿ ಕೂರಲಿಲ್ಲ. ಅರ್ಧ ದಿನ ರಜೆ ಹಾಕಿ, ಹರಿಹರದ ಬಸ್ಸಿಳಿದು ಮನೆ ಸೇರಿದಾಗ ಎರಡೂ ಮುಕ್ಕಾಲು. ಶೆಡ್ಡಿನ ಬೀಗ ತೆರೆದು ನೇತಾಡುತ್ತಿತ್ತು. ಅದರಲ್ಲಿ ಸಿಕ್ಕಿಸಿದ್ದ ಕೀಲಿ ಕೆಂಪಗೆ ತುಕ್ಕು ಹಿಡಿದಿತ್ತು. ನೀರು ಕುಡಿದ ತುಕ್ಕು.

ಅಂದು ಹೊಳೆಯಿಂದ ಎತ್ತಿ ತಂದ ಗಂಡನ ಮೈಮೇಲಿನ ಒದ್ದೆ ಬಟ್ಟೆಗಳನ್ನು ಒಗೆದಿಟ್ಟವರು ಯಾರೆಂಬುದು ಅವಳಿಗೆ ನೆನಪಾದದ್ದು ಬಾಗಿಲು ತಳ್ಳಿದ ಮೇಲೆ.

ಯಂತ್ರದ ಮುಂದೆ ಕಮಲಕ್ಕ ನಿಂತಿದ್ದರು. ಗಾಜಿನ ಕೆಳಗಿನ ಬೆಳಕು ಅವರ ಗಲ್ಲದ ಮೇಲೆ ನೀಲಿಯಾಗಿ ಬಿದ್ದಿತ್ತು. ಗೇಟಿನ ಹೊರಗೆ ಟೆಂಪೋ ಹಾರನ್ ಹೊಡೆಯಿತು. ಅವರು ತಿರುಗಲಿಲ್ಲ.

"ಬಾಗಿಲು ಹಾಕವ್ವ," ಎಂದರು.

ದುರ್ಗಾ ಒಳಗಿನಿಂದ ಅಗಳಿ ಹಾಕಿದಳು.

ಕಮಲಕ್ಕ ಹಿಡಿ ಎಳೆದು ಬಿಟ್ಟರು. ಗೋಲಿ ಚಿಮ್ಮಿತು, ಗುಡಿಯನ್ನು ದಾಟಿತು, ಸ್ಟೇಷನ್ನನ್ನು ಬಳಸಿ ಇಳಿಯಿತು. ಅವರು ಎರಡೂ ಕೈಗಳನ್ನು ಸೆರಗಿನೊಳಗೆ ಬಿಗಿಯಾಗಿ ಕಟ್ಟಿಕೊಂಡರು, ತಪ್ಪಿಯೂ ಹುಟ್ಟಿನ ಗುಂಡಿಗೆ ತಾಗದ ಹಾಗೆ. ಗೋಲಿ ಹೊಳೆಗೆ ಬಿತ್ತು.

"ಹೋಗ್ ಬರ್ತೀನವ್ವಾ," ಎಂದ ತಿಮ್ಮೇಶ್.