ಮಾವನ ಗಾಳದ ಕೋಲು

ಫಳ್ನೀರಿನ ಫ್ಲಾಟಿನಲ್ಲಿ ಮಾವ ಗೋಡೆಗೆ ತೂಗುಹಾಕಿರುವ ಗಾಳದ ಕೋಲಿಗೆ ಇಂದಿಗೂ ಮೀನಿನ ವಾಸನೆ ತಾಗಿಲ್ಲ.

ನಾನಾಗ ನಾಲ್ಕನೇ ಕ್ಲಾಸು. ಅಲೆಗಳ ಅಬ್ಬರವಿಲ್ಲದ ಕಡಲ ಮೂಲೆಯೊಂದಕ್ಕೆ ಮಾವ ನನ್ನನ್ನು ಕರೆದುಕೊಂಡು ಹೋಗಿದ್ದ. ಅವನ ತಲೆಗೆ ಟೊಪ್ಪಿ, ಮೈಗೆಲ್ಲ ಬಿಳಿ ಕ್ರೀಮು. ಮೊಣಕಾಲುದ್ದದ ನೀರಿನಲ್ಲಿ ಕೋಲು ಹಿಡಿದು ನಿಂತವನು, ಸ್ವಲ್ಪ ಆಚೆ ದಡದಲ್ಲಿ ಸಾಲಾಗಿ ನಿಂತು ಹಗ್ಗ ಹಿಡಿದು ಕೈರಂಪಣಿ ಬಲೆ ಎಳೆಯುತ್ತಿದ್ದವರನ್ನು ನೋಡಿ ಮೂಗು ಮುರಿದ. "ಅದೆಲ್ಲ ಎಂತ ಮೀನು ಹಿಡಿಯುವುದು ಮಾರಾಯ? ಬುದ್ಧಿ ಬೇಕು, ಬುದ್ಧಿ!"

ಸಂಜೆಯವರೆಗೂ ಅವನ ಬುದ್ಧಿಗೆ ಒಂದು ಸಿಗಡಿಯೂ ಸಿಗಲಿಲ್ಲ. ಈಜಿ ಬೇಸತ್ತ ನಾನು ಹೋಗಿ ಬಲೆಯ ಹಗ್ಗಕ್ಕೆ ಕೈ ಹಾಕಿದೆ. ಒರಟು ಹಗ್ಗ ಅಂಗೈಯನ್ನು ಉಜ್ಜಿ ಕೆಂಪು ಮಾಡಿತು. ಬಲೆ ದಡಕ್ಕೆ ಬಂದಾಗ ಮುದುಕರೊಬ್ಬರು ನನಗೆ ಮೂರು ಬಂಗುಡೆ ಮೀನು ಕೊಟ್ಟರು. "ಹಗ್ಗ ಹಿಡಿದವರಿಗೆ ಪಾಲು ಉಂಟು, ಮಗಾ."

ಬೋಳಾರದ ಅಜ್ಜಿಮನೆಯಲ್ಲಿ ಮಾವ ಆ ಮೂರನ್ನೂ ಅಜ್ಜಿಯ ಮುಂದೆ ಸುರಿದ. "ಅಮ್ಮ, ನಾನು ಗಾಳದಲ್ಲಿ ಹಿಡಿದದ್ದು!" ನನ್ನತ್ತ ನೋಡಲೇ ಇಲ್ಲ.

ಅಜ್ಜಿ ಒಂದೊಂದೇ ಮೀನಿನ ಬಾಯಿ ಬಿಡಿಸಿ ನೋಡಿದರು. ಎಲ್ಲೂ ಗಾಳದ ಗಾಯವಿರಲಿಲ್ಲ. ಆಮೇಲೆ ನನ್ನ ಅಂಗೈ ಬಿಡಿಸಿ ನೋಡಿದರು. ಊಟಕ್ಕೆ ಕೂತಾಗ ಎಣ್ಣೆಯಲ್ಲಿ ಕಾಯಿಸಿದ ಮೂರೂ ಮೀನು ನನ್ನ ಬಟ್ಟಲಿಗೇ ಬಿದ್ದವು.

"ನನಗೆ?" ಎಂದ ಮಾವ.

"ನೀನು ಹಿಡಿದದ್ದು ಎಲ್ಲಿ ಉಂಟು ಮಗಾ? ಕೊಡು, ಅದನ್ನೂ ಕಾಯಿಸ್ತೇನೆ."