ಕೊಲಂಬೊ ಚೂರಿ

"ಇದು ಚೂರಿಯಾ ಮಾರಾಯ, ಇಲಿಯ ಬಾಲವಾ?" ವೀಳ್ಯದೆಲೆ ವ್ಯಾಪಾರಿ ಪಕ್ರಬ್ಬನ ಮಡಚುವ ಚೂರಿಯನ್ನು ಎರಡೇ ಬೆರಳಲ್ಲಿ ಎತ್ತಿ ನೋಡಿ, ಕುಶಾಲಪ್ಪ ಗೌಡರು ಅವನ ಅಂಗಡಿಯ ಬೆಂಚಿನ ಮೇಲೆ ಎಸೆದರು. ಮಸೆದು ಮಸೆದು ಅದರ ಅಲಗು ಸವೆದಿತ್ತು. ಗೌಡರ ಚೂರಿ ಕೊಲಂಬೊದ್ದು, ಐದು ಅಲಗಿನದು.

ಅಷ್ಟರಲ್ಲಿ, ಆಗಷ್ಟೇ ಕೊಂಡು ಆಲಂಕಾರು ಪೇಟೆಯ ಆ ಅಂಗಡಿಯೆದುರು ಕಟ್ಟಿದ್ದ ಗೌಡರ ಕರು ಕೊರಳಿಗೆ ಹಗ್ಗ ಸುತ್ತಿಕೊಂಡು, ನಾಲಿಗೆ ಹೊರಚಾಚಿ ಒದ್ದಾಡತೊಡಗಿತು. ಗೌಡರು ಓಡಿ ಹೋಗಿ ತಮ್ಮ ಚೂರಿ ಬಿಡಿಸಿದರು. ಮೊದಲು ಡಬ್ಬಿ ತೆರೆಯುವ ಕೊಕ್ಕೆ ಬಂತು, ಆಮೇಲೆ ಕುಪ್ಪಿಯ ಬಿರಡೆ ಕೀಳುವ ತಿರುಪು. ಮೂರನೆಯದಕ್ಕೆ ಉಗುರು ಹಾಕುವಷ್ಟರಲ್ಲಿ ಪಕ್ರಬ್ಬನ ಇಲಿಬಾಲ ಹಗ್ಗವನ್ನು ಕೊಯ್ದಾಗಿತ್ತು. ಕರು ಕೆಮ್ಮುತ್ತ ಎದ್ದು ನಿಂತಿತು.

"ಹೊಸ ಹಗ್ಗ ಹಾಳು ಮಾಡಿದೆಯಲ್ಲಾ!" ಎಂದರು ಗೌಡರು.

ಪಕ್ರಬ್ಬ ಚೂರಿ ಮಡಚಿ ಸೊಂಟಕ್ಕೆ ಸಿಕ್ಕಿಸಿದ. "ಕುಪ್ಪಿಯ ಬಿರಡೆ ಕೀಳ್ಲಿಕ್ಕೆ ಉಂಟಾದ್ರೆ ನಿಮ್ಮನ್ನೇ ಕರೀತೇನೆ, ಗೌಡ್ರೆ."