ಎರಡೂ ಪಾದ

ಹಿಂದೆ ಕೂತವರ ಎರಡೂ ಪಾದ ಫುಟ್‌ರೆಸ್ಟ್ ಮೇಲೆ ಊರದಿದ್ದರೆ ಗಾಡಿ ಹೊರಡುವುದಿಲ್ಲ. ಮಕ್ಕಳನ್ನು ಬೈಕಿನಲ್ಲಿ ಒಯ್ಯಬಾರದೆಂಬ ಕಾಯ್ದೆ ಬಂದ ಮೇಲೆ ಎಲ್ಲ ಗಾಡಿಗಳೂ ಹೀಗೆಯೇ. ಮುಂದೆ ನಿಲ್ಲಿಸಿಕೊಂಡರೂ, ಮೂವರು ಕೂತರೂ ಅವು ಮಿಸುಕುವುದಿಲ್ಲ.

ಆರು ವರ್ಷದ ಮಹಾನಂದಾಳ ಕಾಲಿಗೆ ಕೆಂಪು ಚೇಳು ಕುಟುಕಿತ್ತು. ಮೈ ತಣ್ಣಗೆ ಬೆವರುತ್ತಿತ್ತು. ಕಾಲು ಎಟುಕಲೆಂದು ತಾಯಿ ನೀಲಗಂಗಾ ಮಗಳ ಎರಡೂ ಅಂಗಾಲಿಗೆ ಕಟ್ಟಿಗೆಯ ತುಂಡು ಬಿಗಿದು ಹಿಂದೆ ಕೂರಿಸಿಕೊಂಡಳು.

"ಈ ಕಾಯ್ದೆ ಬಂದಾಗ ಓಣಿಗೆಲ್ಲ ಪೇಢೆ ಹಂಚಿದ್ದಿ. ತಿನ್ನೀಗ!" ಅತ್ತೆ ಅಳುತ್ತಲೇ ಬೈದಳು.

"ನಿಮ್ಮ ಮೊಮ್ಮಗಳು ಗಾಡಿ ಮ್ಯಾಲಿಂದ ಬೀಳಬಾರದಂತ ಹಂಚಿದ್ದೆ, ಅತ್ತಿ."

ಹೊರಟ ಗಾಡಿ ಓಣಿ ದಾಟುವಷ್ಟರಲ್ಲಿ ನಿಂತಿತು. ನೋವು ತಾಳದೆ ಹುಡುಗಿ ಕಾಲೆತ್ತಿದ್ದಳು.

"ಒತ್ತ ನನ್ನವ್ವ, ಒತ್ತ."

"ಉರೀತೈತಿ ಅವ್ವಾ. ಎತ್ಕೊಂಡು ಓಡು."

ಆಸ್ಪತ್ರೆ ಓಡಿ ಮುಟ್ಟುವಷ್ಟು ಹತ್ತಿರವಿರಲಿಲ್ಲ; ಆಂಬುಲೆನ್ಸಿಗೆ ಕಾಯುವಷ್ಟು ಹೊತ್ತೂ ಇರಲಿಲ್ಲ. ಮತ್ತೆ ಹೊರಟರು, ಮತ್ತೆ ನಿಂತಿತು. ನೀಲಗಂಗಾ ಇಳಿದು, ಸೆರಗು ಹರಿದು, ಬಾತಿದ್ದ ಆ ಕಾಲನ್ನು ಫುಟ್‌ರೆಸ್ಟ್‌ಗೆ ಬಿಗಿದು ಕಟ್ಟಿದಳು. ಉಳಿದ ಬಟ್ಟೆಯಿಂದ ಮಗಳನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡಳು.

ಹುಡುಗಿ ಕಿರುಚತೊಡಗಿದಳು. ಬೆನ್ನ ಹಿಂದೆ ಆ ಕಿರುಚಾಟ ಕೇಳುತ್ತಿದ್ದಷ್ಟು ಹೊತ್ತು ನೀಲಗಂಗಾ ಧೈರ್ಯದಿಂದ ಗಾಡಿ ಓಡಿಸಿದಳು. ಕೆರೆಯ ಏರಿ ಹತ್ತುವಾಗ ಕಿರುಚಾಟ ನಿಂತುಹೋಯಿತು. ಪುಟ್ಟ ತಲೆ ಬೆನ್ನಿಗೆ ವಾಲಿತು.

"ಮಹಾನಂದಾ, ಆ ಇನ್ನೊಂದು ಕಾಲರೆ ಎತ್ತವ್ವ. ಒಮ್ಮೆ ಎತ್ತ, ನನ್ನವ್ವ."

ಗಾಡಿ ಎಲ್ಲಿಯೂ ನಿಲ್ಲದೆ ಓಡುತ್ತಲೇ ಇತ್ತು.